ಖಾತರಿ ಪತ್ರವೂ ಕೊಟ್ಟ ಮಾತೂ

ಹಿಂದಿನ ಕಾಲದ ವ್ಯವಹಾರದಲ್ಲಿ ಕೊಟ್ಟ ಮಾತನ್ನು ಕಾಯುತ್ತಿದ್ದುದು ಮನುಷ್ಯರ ಪರಸ್ಪರ ಪರಿಚಯ. ಇಂದು ಆ ಕೆಲಸವನ್ನು ಒಂದು ಅಚ್ಚಾದ ಕಾಗದ ಮಾಡುತ್ತದೆ. ಅದನ್ನೇ ಜನರು ವಾರಂಟಿ ಎನ್ನುತ್ತಾರೆ, ಗ್ಯಾರಂಟಿ ಎನ್ನುತ್ತಾರೆ, ಖಾತರಿ ಪತ್ರ ಎನ್ನುತ್ತಾರೆ. ಹೊಸ ಮನೆ ಕಟ್ಟುವವರಿಗೂ ಹಳೆಯ ಅಡುಗೆಮನೆಯನ್ನು ಹೊಸದಾಗಿಸುವವರಿಗೂ ಇಂಥ ಹತ್ತಾರು ಕಾಗದಗಳು ಬಂದು ಸೇರುತ್ತವೆ. ಬಹುಮಟ್ಟಿಗೆ ಓದಿಸಿಕೊಳ್ಳದೆಯೇ ಕಪಾಟು ಸೇರುತ್ತವೆ. ಮೂಡುಬಿದಿರೆಯ ಸಮೀಪದ ಒಂದು ಮನೆಯಲ್ಲಿ ನಡೆದ ಸಂಗತಿಯು ಈ ಕಾಗದಗಳ ಬೆಲೆಯನ್ನೂ, ಅವುಗಳನ್ನು ಕೈಯಲ್ಲಿ ಹಿಡಿದವರ ಹೊಣೆಯನ್ನೂ ತಿಳಿಸುವಂತಿದೆ.

ಆ ಮನೆಯ ಯಜಮಾನರು ಪ್ರೌಢಶಾಲೆಯಲ್ಲಿ 32 ವರ್ಷ ಪಾಠ ಹೇಳಿ ನಿವೃತ್ತರಾದವರು. ಊರಿನವರ ಪಾಲಿಗೆ ಇಂದಿಗೂ ‘ಮಾಸ್ಟ್ರು’. ಅವರ ಹಳೆಯ ಅಡುಗೆಮನೆಯಲ್ಲಿ ಹಲಸಿನ ಮರದ ಒಂದು ಕಪಾಟು ಇತ್ತು. ಅವರ ತಂದೆಯವರ ಕಾಲದಲ್ಲಿ ಊರಿನ ಆಚಾರ್ರು ಮಾಡಿಕೊಟ್ಟದ್ದು. ಅದಕ್ಕೆ ಬಿಲ್ಲೂ ಇರಲಿಲ್ಲ, ಖಾತರಿ ಪತ್ರವೂ ಇರಲಿಲ್ಲ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಮುಚ್ಚದೆ ಹೋದರೆ ಆಚಾರ್ರಿಗೆ ಹೇಳಿಕಳುಹಿಸಿದರೆ ಸಾಕು, ಅವರು ಬಂದು ಅಂಚನ್ನು ಕೀಸಿ ಸರಿಪಡಿಸಿ, ಒಂದು ಲೋಟ ಕಾಫಿ ಕುಡಿದು ಹೋಗುತ್ತಿದ್ದರು. ಕಪಾಟು ಮಾಡಿದವರು ಕೂಗಳತೆಯಲ್ಲಿದ್ದರು. ಅದು ಹಾಳಾದರೆ ಅವರ ಹೆಸರೂ ಹಾಳಾಗುತ್ತಿತ್ತು. ಅದೇ ಆ ಕಪಾಟಿಗಿದ್ದ ಖಾತರಿ.

2022ರ ಕೊನೆಯಲ್ಲಿ ಅಡುಗೆಮನೆಯನ್ನು ಹೊಸದಾಗಿಸಬೇಕೆಂದು ಮನೆಯವರೆಲ್ಲ ನಿಶ್ಚಯಿಸಿದರು. ಯಜಮಾನರ ಪತ್ನಿಗೆ ಮೊಣಕಾಲು ನೋವು. ಬಗ್ಗಿ ಎದ್ದು ಕೆಲಸ ಮಾಡುವುದು ಕಷ್ಟವಾಗಿತ್ತು. ಸೂರ್ಯಾಸ್ತದ ಮುನ್ನ ರಾತ್ರಿಯ ಊಟ ಮುಗಿಯಬೇಕಾದ ಮನೆಯಲ್ಲಿ ಸಂಜೆಯ ಹೊತ್ತು ಅಡುಗೆಮನೆಗೆ ಬಿಡುವಿರದು. ಮಂಗಳೂರಿನ ಒಂದು ಮಳಿಗೆಗೆ ಪ್ಲೈವುಡ್ ಕಪಾಟುಗಳ ಕೆಲಸವನ್ನು ಒಪ್ಪಿಸಲಾಯಿತು. ಹೊಗೆ ಹೀರುವ ಚಿಮಣಿ, ಗ್ಯಾಸ್ ಒಲೆ, ನೀರು ಶುದ್ಧೀಕರಿಸುವ ಯಂತ್ರ ಇವುಗಳನ್ನು ಊರಿನ ಪೇಟೆಯಲ್ಲೇ ಅಂಗಡಿ ನಡೆಸುತ್ತಿದ್ದ ಮಾಸ್ಟ್ರ ಹಳೆಯ ಶಿಷ್ಯನೊಬ್ಬನಲ್ಲಿ ಕೊಂಡರು. ವರ್ಷಾಂತ್ಯದ ರಿಯಾಯಿತಿ ಇದ್ದುದರಿಂದ 2022ರ ಡಿಸೆಂಬರ್ 20ರಂದೇ ಹಣ ಪಾವತಿಸಿ ಸಾಮಾನುಗಳನ್ನು ತಂದಿರಿಸಿದರು. ಕಪಾಟುಗಳ ಕೆಲಸ ಮುಗಿದು ಒಲೆ ಹಚ್ಚಿದ್ದು ಮಾತ್ರ 2023ರ ಮಾರ್ಚ್ ತಿಂಗಳಲ್ಲಿ. ಆ ಮೂರು ತಿಂಗಳು ಚಿಮಣಿಯು ಪಡಸಾಲೆಯ ಮೂಲೆಯಲ್ಲಿ ಪೆಟ್ಟಿಗೆಯೊಳಗೆ ಕುಳಿತಿತ್ತು. ಆ ಮೂರು ತಿಂಗಳ ಲೆಕ್ಕವನ್ನು ಯಾರೂ ಮಾಡಿರಲಿಲ್ಲ.

2024ರ ಜನವರಿ 7ರಂದು ಚಿಮಣಿ ನಿಂತುಹೋಯಿತು. ತಪಾಸಣೆಗೆ ಬಂದ ಮೆಕ್ಯಾನಿಕ್, ಮೋಟರು ಸರಿಯಾಗಿದೆ, ಗುಂಡಿಗಳ ಹಿಂದಿರುವ ಸರ್ಕ್ಯೂಟ್ ಬೋರ್ಡು ಸುಟ್ಟಿದೆ ಎಂದ. ಸೊಸೆ ಖಾತರಿ ಪತ್ರವನ್ನು ತೆಗೆದು ಓದಿದಳು. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ‘5 ವರ್ಷ ಖಾತರಿ’ ಎಂದಿತ್ತು. ಒಳಗಿನ ಸಣ್ಣ ಅಕ್ಷರಗಳಲ್ಲಿ ಆ ಐದು ವರ್ಷ ಮೋಟರಿಗೆ ಮಾತ್ರ, ಉಳಿದ ಭಾಗಗಳಿಗೆ ಬಿಲ್ಲಿನ ದಿನಾಂಕದಿಂದ ಒಂದು ವರ್ಷ ಎಂದಿತ್ತು. ಬಳಕೆ ಆರಂಭವಾದ ದಿನದಿಂದಲ್ಲ, ಬಿಲ್ಲಿನ ದಿನಾಂಕದಿಂದ. ಆ ಲೆಕ್ಕದಂತೆ ಅವಧಿಯು ಡಿಸೆಂಬರ್ 19ಕ್ಕೆ ಮುಗಿದು 19 ದಿನಗಳು ಸಂದಿದ್ದವು. ಹೊಸ ಬೋರ್ಡಿಗೂ ಮೆಕ್ಯಾನಿಕನ ಭೇಟಿಗೂ ಸೇರಿ 4,200 ರೂಪಾಯಿ ಆಗುವುದೆಂದು ತಿಳಿಯಿತು.

ಸಂಗತಿ ತಿಳಿದ ಅಂಗಡಿಯ ಶಿಷ್ಯ ಅದೇ ಸಂಜೆ ಮನೆಗೆ ಬಂದ. “ಮಾಸ್ಟ್ರೇ, ನೀವು ಚಿಂತೆ ಮಾಡಬೇಡಿ. ಮಾರ್ಚ್ ತಿಂಗಳ ತಾರೀಖು ಹಾಕಿ ಇನ್ನೊಂದು ಬಿಲ್ಲು ಬರೆದು ಕೊಡುತ್ತೇನೆ. ಚಿಮಣಿ ನಡೆದದ್ದೇ ಮಾರ್ಚ್‌ನಿಂದ ಅಲ್ಲವೇ? ಇದರಲ್ಲಿ ಮೋಸ ಏನು ಬಂತು? ಕಂಪೆನಿಯವರಿಗೆ ಇದು ಲೆಕ್ಕಕ್ಕೇ ಇಲ್ಲ” ಎಂದ. ಅವನ ಮಾತಿನಲ್ಲಿ ಲಾಭದ ಆಸೆ ಇರಲಿಲ್ಲ. ಗುರುಗಳಿಗೆ ಒಂದು ಉಪಕಾರ ಮಾಡಬೇಕೆಂಬ ಪ್ರೀತಿಯೇ ಇತ್ತು. ಬೆಂಗಳೂರಿನಲ್ಲಿದ್ದ ಮಗನೂ ದೂರವಾಣಿಯಲ್ಲಿ, “ಅಪ್ಪ, ಅವನಾಗಿಯೇ ಕೊಡುತ್ತೇನೆ ಎನ್ನುತ್ತಿದ್ದಾನೆ. ತೆಗೆದುಕೊಳ್ಳಿ” ಎಂದ.

ಯಜಮಾನರು ಆ ರಾತ್ರಿ ಉತ್ತರ ಹೇಳಲಿಲ್ಲ. ಶಿಷ್ಯನ ವಾದದಲ್ಲಿ ತಿರುಳಿಲ್ಲದೆ ಇರಲಿಲ್ಲ. ಯಂತ್ರ ನಿಜಕ್ಕೂ ಒಂದು ವರ್ಷ ನಡೆದಿರಲಿಲ್ಲ. ಬಿಲ್ಲಿನ ದಿನಾಂಕದಿಂದ ಅವಧಿ ಎಣಿಸುವ ನಿಯಮವು ಗೃಹಸ್ಥರಿಗೆ ಅನುಕೂಲವಾದುದೂ ಅಲ್ಲ. ಆದರೆ ನಿಯಮ ಕಠಿಣವೆಂದು ವಾದಿಸುವುದು ಒಂದು, ಆಗದೇ ಇದ್ದ ದಿನದಂದು ವ್ಯಾಪಾರ ಆಯಿತೆಂದು ಕಾಗದದಲ್ಲಿ ಬರೆಯಿಸುವುದು ಇನ್ನೊಂದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಕೂಟಲೇಖಕ್ರಿಯೆಯನ್ನೂ ಸೇರಿಸಿದೆ. ಕೂಟಲೇಖಕ್ರಿಯೆ ಎಂದರೆ ಸುಳ್ಳು ಪತ್ರ ಬರೆಯುವುದು. ಪಾಠಶಾಲೆಯ ಮಕ್ಕಳಿಗೆ ಅವರು ಎಷ್ಟೋ ಬಾರಿ ಈ ಶಬ್ದದ ಅರ್ಥ ಹೇಳಿಕೊಟ್ಟಿದ್ದರು. ಅದು ರಾಜರ ಕಾಲದ ತಾಮ್ರಪತ್ರಗಳಿಗೂ ಸಾಲಪತ್ರಗಳಿಗೂ ಸಂಬಂಧಿಸಿದ ಮಾತೆಂದು ಅವರಿಗೆ ಅನ್ನಿಸುತ್ತಿತ್ತು. ಚಿಮಣಿಯ ಬಿಲ್ಲಿನ ರೂಪದಲ್ಲಿ ಅದು ತಮ್ಮ ಮನೆಯ ಮೇಜಿನ ಮೇಲೆ ಬಂದು ಕುಳಿತೀತೆಂದು ಅವರು ಎಣಿಸಿರಲಿಲ್ಲ.

ಬೆಳಿಗ್ಗೆ ಅವರ ಪತ್ನಿ ಒಂದೇ ಮಾತು ಹೇಳಿದರು: “ಆ ಹುಡುಗನಿಗೆ ಅಕ್ಷರ ಕಲಿಸಿದವರು ನೀವು. ಈಗ ಅವನ ಕೈಯಲ್ಲಿ ಸುಳ್ಳು ತಾರೀಖು ಬರೆಸುವುದು ಬೇಡ.”

ಯಜಮಾನರು ಅಂಗಡಿಗೆ ತಾವೇ ಹೋಗಿ ಶಿಷ್ಯನಿಗೆ ಬೇಡವೆಂದು ಹೇಳಿ ಬಂದರು. ಅವನ ಮುಖ ಸಣ್ಣದಾಯಿತು. ಉಪಕಾರವನ್ನು ತಿರಸ್ಕರಿಸಿದರೆಂಬ ನೋವು ಅವನಿಗಾಯಿತು. ಕೆಲವು ವಾರ ಅವನು ಮನೆಯ ಕಡೆ ಬರಲಿಲ್ಲ. ಸುಳ್ಳನ್ನು ನಿರಾಕರಿಸುವಾಗ ಕೆಲವೊಮ್ಮೆ ಪ್ರೀತಿಯನ್ನೂ ನಿರಾಕರಿಸಿದಂತೆ ಕಾಣುತ್ತದೆ. 4,200 ರೂಪಾಯಿಗಿಂತ ಆ ನಷ್ಟವೇ ಅವರನ್ನು ಹೆಚ್ಚು ಬಾಧಿಸಿತು.

ಸುಳ್ಳು ಬಿಲ್ಲು ಬೇಡವೆಂದ ಮಾತ್ರಕ್ಕೆ ಸುಮ್ಮನೆ ಕುಳಿತುಕೊಳ್ಳಬೇಕೆಂದೇನೂ ಇಲ್ಲ. ಸೊಸೆಯ ಸಲಹೆಯಂತೆ ಚಿಮಣಿಯ ಕಂಪೆನಿಗೆ ಒಂದು ಪತ್ರ ಬರೆದರು. ಕೊಂಡ ದಿನ ಇಂಥದು, ಜೋಡಿಸಿದ ದಿನ ಇಂಥದು, ಕೆಟ್ಟ ದಿನ ಇಂಥದು. ಅವಧಿ ಮುಗಿದು 19 ದಿನಗಳಾಗಿರುವುದು ಸತ್ಯ. ಬಳಕೆ ಮಾತ್ರ ಹತ್ತು ತಿಂಗಳಿನಷ್ಟು. ಇದನ್ನು ಪರಿಗಣಿಸಬೇಕು ಎಂಬಷ್ಟೇ ಒಕ್ಕಣೆ. ಜೋಡಣೆಯ ದಿನ ಮೆಕ್ಯಾನಿಕ್ ಸಹಿ ಮಾಡಿದ್ದ ಚೀಟಿಯ ಪ್ರತಿಯನ್ನೂ ಲಗತ್ತಿಸಿದರು. ಹತ್ತು ದಿನಗಳ ನಂತರ ಉತ್ತರ ಬಂತು. ಭೇಟಿಯ ಶುಲ್ಕವನ್ನೂ ಕೂಲಿಯನ್ನೂ ಕಂಪೆನಿ ಬಿಟ್ಟುಕೊಟ್ಟಿತು. ಬೋರ್ಡಿನ ಬೆಲೆ ಕೊಡಬೇಕೆಂದಿತು. ಅದನ್ನು ಕೊಟ್ಟರು. ಪೂರ್ಣ ಜಯವಲ್ಲ, ಆದರೆ ಸಿಕ್ಕಿದ್ದಷ್ಟೂ ಸತ್ಯದಿಂದಲೇ ಸಿಕ್ಕಿತು.

ಇದೇ ಹೊತ್ತಿಗೆ ಮನೆಯಲ್ಲಿ ಇನ್ನೊಂದು ತೊಂದರೆ ಬೆಳೆಯುತ್ತಿತ್ತು. 2023ರ ಮಳೆಗಾಲದಲ್ಲೇ ಸಿಂಕಿನ ಕೆಳಗಿನ ಕಪಾಟಿನ ತಳ ಉಬ್ಬತೊಡಗಿತ್ತು. ಮಂಗಳೂರಿನ ಮಳಿಗೆಯವರು ಒಮ್ಮೆ ಬಂದು ಬಿಜಾಗರಿಗಳನ್ನು ಬಿಗಿದು, ಅಂಚನ್ನು ಉಜ್ಜಿ ಹೋಗಿದ್ದರು. ಜನವರಿಯ ವೇಳೆಗೆ ಪ್ಲೈವುಡ್ಡಿನ ಪದರಗಳು ಬಿಟ್ಟುಕೊಂಡು ಬಾಗಿಲು ಜೋತುಬಿದ್ದಿತು. ಕಪಾಟುಗಳಿಗೆ ಐದು ವರ್ಷದ ಖಾತರಿ ಇತ್ತು. ಆದರೆ ಮಳಿಗೆಯವರು ಪತ್ರದ ಒಂದು ಸಾಲನ್ನು ತೋರಿಸಿದರು: ನೀರಿನಿಂದಾದ ಹಾನಿಗೆ ಖಾತರಿ ಅನ್ವಯಿಸದು.

ಪೈಪು ಬದಲಿಸಲೆಂದು ಊರಿನ ಆಚಾರ್ರನ್ನು ಕರೆಸಿ ಹಿಂಬದಿಯ ಹಲಗೆಯನ್ನು ಬಿಚ್ಚಿಸಿದಾಗ ನಿಜಸ್ಥಿತಿ ಹೊರಬಿತ್ತು. ಪ್ಲೈವುಡ್ ಹಲಗೆಗಳ ಮೇಲೆ ದರ್ಜೆಯ ಮುದ್ರೆ ಇರುತ್ತದೆ. ಭಾರತೀಯ ಮಾನಕದ 710ನೆಯ ಸಂಖ್ಯೆಯದು ಮರೈನ್ ಪ್ಲೈವುಡ್. ಅದರ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುತ್ತಾರೆ. 303ನೆಯ ಸಂಖ್ಯೆಯ ಎಂ.ಆರ್. ದರ್ಜೆಯದು ಗಾಳಿಯ ತೇವವನ್ನು ತಡೆಯಬಲ್ಲುದೇ ಹೊರತು ನಿತ್ಯ ನೀರು ತಾಗುವ ಜಾಗಕ್ಕೆ ತಕ್ಕುದಲ್ಲ. ಮಳಿಗೆಯವರ ದರಪಟ್ಟಿಯಲ್ಲಿ 710 ಎಂದು ಬರೆದಿತ್ತು. ಮಳಿಗೆಯಲ್ಲಿ ತೋರಿಸಿದ ಮಾದರಿಯ ತುಂಡೂ ಅದೇ ಆಗಿತ್ತು. ಸಿಂಕಿನ ಕೆಳಗಿನ ಹಲಗೆಯ ಮೇಲೆ ಇದ್ದುದು 303, ಎಂ.ಆರ್.

ಇಲ್ಲಿ ವಾದದ ಸ್ವರೂಪವೇ ಬದಲಾಯಿತು. ಇದು ಖಾತರಿಯ ಅವಧಿಯ ಪ್ರಶ್ನೆಯಲ್ಲ. ಹೇಳಿದ್ದನ್ನೇ ಕೊಟ್ಟರೇ ಎಂಬ ಪ್ರಶ್ನೆ. ಹಳೆಯ ಕಾನೂನಾದ 1930ರ ಸರಕು ಮಾರಾಟ ಕಾಯಿದೆಯೇ ಈ ವ್ಯತ್ಯಾಸವನ್ನು ಗುರುತಿಸಿದೆ. ಆ ಕಾಯಿದೆಯ ಪ್ರಕಾರ ವಾರಂಟಿ ಎಂಬುದು ಒಪ್ಪಂದದ ಮುಖ್ಯ ಉದ್ದೇಶಕ್ಕೆ ಪೂರಕವಾದ ಮಾತು. ಅದು ತಪ್ಪಿದರೆ ನಷ್ಟಪರಿಹಾರ ಕೇಳಬಹುದು, ಸರಕನ್ನೇ ನಿರಾಕರಿಸುವ ಹಕ್ಕು ಬರುವುದಿಲ್ಲ. ಆದರೆ ವರ್ಣಿಸಿ ಮಾರಿದ ಸರಕು ವರ್ಣನೆಗೆ ಹೊಂದಬೇಕು, ಮಾದರಿ ತೋರಿಸಿ ಮಾರಿದ ಸರಕು ಮಾದರಿಗೆ ಹೊಂದಬೇಕು, ಉದ್ದೇಶ ಹೇಳಿ ಮಾರುವವನ ತಿಳಿವಳಿಕೆಯನ್ನು ನಂಬಿ ಕೊಂಡ ಸರಕು ಆ ಉದ್ದೇಶಕ್ಕೆ ತಕ್ಕುದಾಗಿರಬೇಕು ಎಂಬುವು ವಾರಂಟಿಗಿಂತ ಆಳವಾದ ಷರತ್ತುಗಳು. ಇವನ್ನು ಯಾರೂ ಕಾರ್ಡಿನಲ್ಲಿ ಅಚ್ಚು ಹಾಕಿಸಬೇಕಾಗಿಲ್ಲ. ಅಣುವ್ರತಗಳ ಭಾಷೆಯಲ್ಲಿ ಹೇಳುವುದಾದರೆ, ಒಂದನ್ನು ತೋರಿಸಿ ಅದರಂತೆ ಕಾಣುವ ಕೀಳು ವಸ್ತುವನ್ನು ಕೊಡುವುದು ಪ್ರತಿರೂಪಕ ವ್ಯವಹಾರ. ಅದು ಅಚೌರ್ಯಾಣುವ್ರತದ ಅತಿಚಾರ.

ಸೊಸೆ ದರಪಟ್ಟಿ, ಹಣ ಪಾವತಿಯ ರಸೀದಿ, ಹಲಗೆಯ ಮುದ್ರೆಯ ಛಾಯಾಚಿತ್ರ, ಹಿಂದಿನ ದೂರಿನ ದಿನಾಂಕಗಳು ಎಲ್ಲವನ್ನೂ ಕ್ರಮವಾಗಿ ಜೋಡಿಸಿದಳು. “ಮಾವ, ಚಿಮಣಿಗೆ ಸುಳ್ಳು ಬಿಲ್ಲು ತೆಗೆದುಕೊಂಡಿದ್ದರೆ ಇವತ್ತು ಈ ಕಾಗದಗಳನ್ನು ಮುಂದಿಡುವಾಗ ನಮಗೇ ಅಳುಕು ಬರುತ್ತಿತ್ತು” ಎಂದಳು. ಯಜಮಾನರು ಮಳಿಗೆಗೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಕಳುಹಿಸಿದರು. ಬೈಗುಳವಿಲ್ಲ, ಬೆದರಿಕೆಯಿಲ್ಲ. ಬರೆದು ಕೊಟ್ಟದ್ದು ಇದು, ಜೋಡಿಸಿದ್ದು ಇದು. 15 ದಿನಗಳೊಳಗೆ ಬದಲಾಯಿಸಿಕೊಡಬೇಕು, ಇಲ್ಲವಾದರೆ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಲಾಗುವುದು. ಉತ್ತರ ಬಾರದಿದ್ದಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆಮಾಡಿ ದೂರು ದಾಖಲಿಸಿದರು. ಮಳಿಗೆಯವರು ಆಗ ಮಾತುಕತೆಗೆ ಬಂದರು. 2024ರ ಏಪ್ರಿಲ್‌ನಲ್ಲಿ, ಮಳೆ ಆರಂಭವಾಗುವ ಮುನ್ನ, ಸಿಂಕಿನ ಕಪಾಟನ್ನೂ ಅದರ ಎರಡು ಪಕ್ಕದ ಕಪಾಟುಗಳನ್ನೂ 710 ದರ್ಜೆಯ ಹಲಗೆಯಿಂದ ತಮ್ಮದೇ ಖರ್ಚಿನಲ್ಲಿ ಮಾಡಿಕೊಟ್ಟರು. ಹಲಗೆಯನ್ನು ಜೋಡಿಸುವ ಮೊದಲು ಯಜಮಾನರು ಕನ್ನಡಕ ಹಾಕಿಕೊಂಡು ಪ್ರತಿಯೊಂದರ ಮುದ್ರೆಯನ್ನೂ ಓದಿದರು.

ಮಾತುಕತೆಯಲ್ಲೇ ಮುಗಿಯದಿದ್ದರೆ ಮುಂದಿನ ದಾರಿಯೂ ಗೃಹಸ್ಥರಿಗೆ ತಿಳಿದಿರಬೇಕು. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಾನದಲ್ಲಿ 2019ರ ಹೊಸ ಕಾಯಿದೆ ಬಂದಿದ್ದು, ಅದು 2020ರ ಜುಲೈ 20ರಿಂದ ಜಾರಿಯಲ್ಲಿದೆ. ಕೊಂಡವರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದು. ಮಾರಿದವರ ಊರಿಗೆ ಅಲೆಯಬೇಕಾಗಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯನ್ನು ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ದೂರಿನ ಕಾರಣ ಉಂಟಾದಂದಿನಿಂದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಬಿಲ್ಲು ಕೊಡದಿರುವುದು, ತಕ್ಕ ಪರೀಕ್ಷೆ ಇಲ್ಲದೆ ಬಾಳಿಕೆಯ ಖಾತರಿ ಸಾರುವುದು, ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ಒಪ್ಪದಿರುವುದು, ಇವೆಲ್ಲ ಈ ಕಾಯಿದೆಯ ದೃಷ್ಟಿಯಲ್ಲಿ ಅನುಚಿತ ವ್ಯಾಪಾರ ಪದ್ಧತಿಗಳೇ. ಪರೀಕ್ಷೆ ಮಾಡಿದ್ದೇವೆಂದು ವ್ಯಾಪಾರಿ ಹೇಳಿದರೆ ಅದನ್ನು ರುಜುವಾತುಪಡಿಸುವ ಭಾರವೂ ಅವನದೇ.

ಈ ಎರಡು ಪ್ರಕರಣಗಳ ನಂತರ ಸೊಸೆ ಒಂದು ನೋಟುಪುಸ್ತಕ ತೆರೆದಳು. ಹೊಸ ಅಡುಗೆಮನೆ ಎಂದರೆ ಒಂದು ವಸ್ತುವಲ್ಲ, ಒಂದು ಖಾತರಿಯೂ ಅಲ್ಲ ಎಂಬುದು ಆ ಪುಸ್ತಕವನ್ನು ನೋಡಿದರೆ ತಿಳಿಯುತ್ತದೆ. ಹಲಗೆಗೆ ಅದನ್ನು ತಯಾರಿಸಿದವರ ಖಾತರಿ ಬೇರೆ. ಬಿಜಾಗರಿಗಳಿಗೂ ಡ್ರಾಯರಿನ ಚಾನೆಲ್‌ಗಳಿಗೂ ಬೇರೆ. ಜೋಡಿಸಿದ ಕೆಲಸಕ್ಕೆ ಮಳಿಗೆಯವರ ಖಾತರಿ ಬೇರೆ. ಚಿಮಣಿಯ ಮೋಟರಿಗೆ ಒಂದು ಅವಧಿ, ಉಳಿದ ಭಾಗಗಳಿಗೆ ಇನ್ನೊಂದು. ನೀರಿನ ಯಂತ್ರದಲ್ಲಿ ಸವೆಯುವ ಫಿಲ್ಟರುಗಳು ಬಹುತೇಕ ಖಾತರಿಯ ಹೊರಗೆ. ಪ್ರತಿಯೊಂದಕ್ಕೂ ಅವಧಿ ಎಂದು ಆರಂಭ, ಎಂದು ಮುಕ್ತಾಯ, ಯಾವುದು ಸೇರಿದೆ, ಯಾವುದು ಸೇರಿಲ್ಲ, ಹೊರಗಿನವರಿಂದ ರಿಪೇರಿ ಮಾಡಿಸಿದರೆ ಖಾತರಿ ಉಳಿಯುತ್ತದೆಯೇ ಎಂಬುದನ್ನು ಅವಳು ಪ್ರತ್ಯೇಕವಾಗಿ ಬರೆದಳು. ಅಂಗಡಿಯ ಯಂತ್ರದಿಂದ ಬರುವ ನಯವಾದ ಬಿಲ್ಲಿನ ಅಕ್ಷರಗಳು ಕಾಲಕ್ರಮದಲ್ಲಿ ಮಾಸಿಹೋಗುವುದರಿಂದ ಎಲ್ಲದರ ನೆರಳಚ್ಚು ಪ್ರತಿ ಮಾಡಿಸಿದಳು. ಹೆಚ್ಚುವರಿ ಹಣ ಕೊಟ್ಟು ಪಡೆಯುವ ವಿಸ್ತರಿತ ಖಾತರಿಯ ವಿಷಯದಲ್ಲೂ, ಮೊದಲೇ ಇರುವ ಖಾತರಿಯನ್ನೇ ಎರಡನೆಯ ಬಾರಿ ಕೊಳ್ಳುತ್ತಿಲ್ಲವಷ್ಟೆ ಎಂದು ನೋಡಿಕೊಳ್ಳಬೇಕೆಂದು ಒಂದು ಸಾಲು ಬರೆದಿಟ್ಟಳು.

ಯಜಮಾನರು ಊರಿನ ಬಸದಿಯ ಟ್ರಸ್ಟಿನ ಸದಸ್ಯರೂ ಹೌದು. ಮನೆಯ ಅನುಭವದಿಂದ ಎಚ್ಚೆತ್ತು ಟ್ರಸ್ಟಿನ ಕಪಾಟನ್ನು ತೆರೆದು ನೋಡಿದಾಗ, ಭೋಜನಶಾಲೆಗೆ ಭಕ್ತರು ದಾನವಾಗಿ ಕೊಟ್ಟ ಗ್ರೈಂಡರ್, ಫ್ರಿಜ್, ಒಲೆ ಯಾವುದರ ಕಾಗದವೂ ಅಲ್ಲಿರಲಿಲ್ಲ. ಬಿಲ್ಲುಗಳು ದಾನಿಗಳ ಮನೆಯಲ್ಲೇ ಉಳಿದಿದ್ದವು. ಒಂದು ಗ್ರೈಂಡರಿನ ಪತ್ರವನ್ನು ತರಿಸಿ ಓದಿದರೆ, ಅದು ಗೃಹಬಳಕೆಗೆ ಮಾತ್ರ, ಅನ್ಯ ಬಳಕೆಯಲ್ಲಿ ಖಾತರಿ ರದ್ದಾಗುವುದು ಎಂದಿತ್ತು. ಎಂಟು ಜನರ ಮನೆಗೆಂದು ತಯಾರಾದ ಯಂತ್ರ ಉತ್ಸವದ ದಿನಗಳಲ್ಲಿ ಮುನ್ನೂರು ಜನರಿಗೆ ಹಿಟ್ಟು ರುಬ್ಬುತ್ತಿತ್ತು. ದಾನದ ಭಾವ ಶುದ್ಧವಾಗಿತ್ತು. ಆದರೆ ಅದು ಕೆಟ್ಟರೆ ಕೇಳುವ ಹಕ್ಕು ಮೊದಲ ದಿನವೇ ಹೋಗಿತ್ತು.

ಮುಂದಿನ ಸಭೆಯಲ್ಲಿ ಅವರು ಮೂರು ಸಲಹೆಗಳನ್ನು ಮುಂದಿಟ್ಟರು. ಯಾವುದೇ ಯಂತ್ರವನ್ನು ಕೊಳ್ಳುವ ಅಥವಾ ಸ್ವೀಕರಿಸುವ ಮೊದಲು ಎಷ್ಟು ಜನರ ಅಡುಗೆಗೆ, ಎಂಥ ಬಳಕೆಗೆ ಎಂಬುದನ್ನು ಮಾರುವವರಿಗೆ ಬರವಣಿಗೆಯಲ್ಲಿ ತಿಳಿಸಿ ತಕ್ಕ ಮಾದರಿಯನ್ನು ಕೇಳಬೇಕು. ದಾನಿಗಳು ವಸ್ತುವಿನೊಡನೆ ಬಿಲ್ಲನ್ನೂ ಖಾತರಿ ಪತ್ರವನ್ನೂ ಒಪ್ಪಿಸಬೇಕು. ಸಾಧ್ಯವಾದರೆ ಬಿಲ್ಲು ಟ್ರಸ್ಟಿನ ಹೆಸರಿನಲ್ಲೇ ಇರಬೇಕು. ಪದಾಧಿಕಾರಿಗಳು ಬದಲಾಗುವಾಗ ಲೆಕ್ಕಪುಸ್ತಕದ ಜೊತೆಗೆ ಈ ಕಡತವನ್ನೂ ಸಹಿ ಪಡೆದು ಹಸ್ತಾಂತರಿಸಬೇಕು. ದೇವರ ಹಣದಿಂದ ಕೊಂಡ ವಸ್ತುವಿನ ಹಕ್ಕನ್ನು ಅಜಾಗ್ರತೆಯಿಂದ ಕಳೆದುಕೊಳ್ಳುವುದು ಔದಾರ್ಯವಲ್ಲ, ಪ್ರಮಾದ ಎಂದು ಅವರು ಹೇಳಿದಾಗ ಸಭೆಯಲ್ಲಿ ಯಾರೂ ಎದುರಾಡಲಿಲ್ಲ.

ಶಿಷ್ಯ ಮತ್ತೆ ಮನೆಗೆ ಬಂದದ್ದು ಚಿಮಣಿಯ ಹೊಸ ಬೋರ್ಡು ಜೋಡಿಸುವ ದಿನ. ಯಾರೂ ಕರೆದಿರಲಿಲ್ಲ, ಮೆಕ್ಯಾನಿಕನನ್ನು ತಾನೇ ಬೈಕಿನಲ್ಲಿ ಕರೆತಂದಿದ್ದ. ಹಳೆಯ ವಿಷಯವನ್ನು ಅವನೂ ಎತ್ತಲಿಲ್ಲ, ಯಜಮಾನರೂ ಎತ್ತಲಿಲ್ಲ. ಹೊರಡುವಾಗ, “ಮಾಸ್ಟ್ರೇ, ಈಗ ಅಂಗಡಿಯಲ್ಲಿ ಒಂದು ಪದ್ಧತಿ ಮಾಡಿದ್ದೇನೆ. ಮನೆ ಕೆಲಸ ಮುಗಿಯದವರಿಗೆ, ಮುಂಗಡ ಕೊಟ್ಟು ಹೋಗಿ, ಜೋಡಿಸುವ ವಾರದಲ್ಲೇ ಬಿಲ್ಲು ಮಾಡಿಸಿ ಎಂದು ಹೇಳುತ್ತೇನೆ. ಖಾತರಿ ಮುಗಿಯುವ ತಾರೀಖನ್ನು ಬಿಲ್ಲಿನ ಮೇಲೆ ಪೆನ್ನಿನಿಂದ ಬರೆದುಕೊಡುತ್ತೇನೆ” ಎಂದ. ಯಜಮಾನರು, “ಅದು ಒಳ್ಳೆಯದು ಮಗಾ, ಕುಳಿತುಕೋ, ಕಾಫಿ ಕುಡಿದು ಹೋಗು” ಎಂದರು.

ಗೃಹಸ್ಥನಾದವನು ಖಾತರಿ ಪತ್ರವನ್ನು ಓದಬೇಕು, ಕಾಪಾಡಬೇಕು, ಅದರಲ್ಲಿ ಹೇಳಿದ್ದು ನಡೆಯದಿದ್ದಾಗ ಸಂಕೋಚವಿಲ್ಲದೆ ಕೇಳಬೇಕು. ಹಾಗೆ ಕೇಳುವವನ ಕಾಗದಗಳಲ್ಲಿ ಒಂದೂ ಸುಳ್ಳಿರಬಾರದು. ಆ ಮನೆಯ ಕಡತದಲ್ಲಿ ಡಿಸೆಂಬರ್ 20ರ ಬಿಲ್ಲು ಇಂದಿಗೂ ಇದ್ದಂತೆಯೇ ಇದೆ. ಅದರ ಹಿಂದೆ ಬೋರ್ಡಿನ ಬೆಲೆ ಕೊಟ್ಟ ರಸೀದಿಯನ್ನು ಸೊಸೆ ಗುಂಡುಪಿನ್ನಿನಿಂದ ಸೇರಿಸಿಟ್ಟಿದ್ದಾಳೆ.